ಗುಬ್ಬಿಗೆ ಗೊರಗೊರ, ಕುಣಿಗಲ್‌ಗೆ ಮೌನ: ನೇರ ಪ್ರಸಾರದ ತಾಪತ್ರಯಗಳು

ಸಮುದಾಯ ರೇಡಿಯೋದ ನೇರ ಪ್ರಸಾರ ನಡುವೆ ನಿಂತರೆ, ಗೊರಗೊರ ಎಂದರೆ, ಫೋನ್‌ ಮಾಡಿದವರ ದನಿ ಎರಡೆರಡು ಸಲ ಕೇಳಿದರೆ ಬೈಗುಳ ಬೀಳುವುದು ನಿಲಯದವರಿಗೆ. ಆದರೆ ಎಲ್ಲವೂ ಅವರ ತಪ್ಪಲ್ಲ.

ಮೊದಲು ದೂರದ ಲೆಕ್ಕ. ತುಮಕೂರಿನಲ್ಲಿ ಶ್ರೀ ಸಿದ್ಧಾರ್ಥ ಶಿಕ್ಷಣ ಸಂಸ್ಥೆಯ 'ರೇಡಿಯೋ ಸಿದ್ಧಾರ್ಥ' ಇದೆ, 90.8 ಮೆಗಾಹರ್ಟ್ಸ್. ದೇಶದ ಸಮುದಾಯ ನಿಲಯಗಳಿಗೆಲ್ಲ ಸಾಮಾನ್ಯವಾಗಿ ಒಂದೇ ನಿಯಮ: ಆಂಟೆನಾದಿಂದ ಹೊರಡುವ ಶಕ್ತಿ 100 ವ್ಯಾಟ್, ಆಂಟೆನಾದ ಎತ್ತರ ನೆಲದಿಂದ 30 ಮೀಟರ್ ದಾಟುವಂತಿಲ್ಲ. ಇಷ್ಟರಲ್ಲಿ ದನಿ ಚೆನ್ನಾಗಿ ಮುಟ್ಟುವುದು 10ರಿಂದ 15 ಕಿ.ಮೀ. ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರ ಗೆರೆಯಲ್ಲೇ ಸಾಗುತ್ತದೆ. ಗುಡ್ಡವೋ ಕಟ್ಟಡವೋ ಅಡ್ಡ ಬಂದರೆ ಅದರ ಹಿಂದೆ ಸೊರಗುತ್ತದೆ. ಗುಬ್ಬಿ ಇರುವುದು ಸುಮಾರು 17 ಕಿ.ಮೀ. ಆಚೆ. ಅಷ್ಟು ದೂರದಲ್ಲಿ ತಾರಸಿಯ ಮೇಲೆ ಸಿಕ್ಕ ನಿಲಯ ಅಡುಗೆಮನೆಯಲ್ಲಿ ಸಿಗದಿದ್ದರೆ ಆಶ್ಚರ್ಯವಿಲ್ಲ. ಕುಣಿಗಲ್ ಸುಮಾರು 35 ಕಿ.ಮೀ. ಅಲ್ಲಿ ಕೇಳಿಸದಿದ್ದರೆ ಯಂತ್ರ ಕೆಟ್ಟಿದೆ ಎಂದಲ್ಲ, ನಿಯಮದ ಎಲ್ಲೆ ಮುಗಿದಿದೆ ಎಂದರ್ಥ.

ಎರಡನೆಯದು ಫೋನ್-ಇನ್. ಕೇಳುಗರೊಬ್ಬರು ಅಂಗಡಿಯಲ್ಲಿ ರೇಡಿಯೋ ಹಾಕಿಕೊಂಡೇ ಫೋನ್ ಮಾಡುತ್ತಾರೆ ಎನ್ನಿ. ರೇಡಿಯೋದ ದನಿ ಫೋನಿಗೆ ಹೊಕ್ಕು, ಸ್ಟುಡಿಯೋಗೆ ಹೋಗಿ, ಮತ್ತೆ ಅದೇ ರೇಡಿಯೋದಲ್ಲಿ ಬರುತ್ತದೆ. ಹೀಗೆ ಸುತ್ತಿ ಸುತ್ತಿ ಪ್ರತಿಧ್ವನಿ, ಕೊನೆಗೆ ಕೀರಲು ಕೂಗು. 'ನಿಮ್ಮ ರೇಡಿಯೋ ಸಣ್ಣ ಮಾಡಿ' ಎಂದು ನಿರೂಪಕರು ಕೇಳಿಕೊಳ್ಳುವುದು ಇದಕ್ಕೇ. ಆ್ಯಪ್‌ನಲ್ಲಿ ಕೇಳುವವರ ಕಥೆಯೇ ಬೇರೆ. ಇಂಟರ್‌ನೆಟ್ ದನಿ ಹಲವು ಸೆಕೆಂಡ್ ತಡವಾಗಿ ಬರುವುದರಿಂದ, ಅದನ್ನು ನಂಬಿ ಮಾತಾಡಿದವರು ಹಿಂದಿನ ಪ್ರಶ್ನೆಗೆ ಉತ್ತರ ಹೇಳುತ್ತಿರುತ್ತಾರೆ. ಇನ್ನು, ಫೋನ್ ಮಾಡಿದವರಿಗೆ ಅವರದೇ ದನಿ ವಾಪಸ್ ಹೋಗದಂತೆ ಮಿಕ್ಸರ್‌ನಲ್ಲಿ ಜೋಡಿಸಿಕೊಳ್ಳುವುದು ನಿಲಯದ ಹೊಣೆ. ಅದು ತಪ್ಪಿದರೆ ಎಂಥ ಮಾತುಗಾರರೂ ತೊದಲುತ್ತಾರೆ.

ಗುಬ್ಬಿ ಚನ್ನಬಸವೇಶ್ವರ ಜಾತ್ರೆಯಂಥ ಜನಜಂಗುಳಿಯಿಂದ ನೇರ ಪ್ರಸಾರ ಮಾಡಬೇಕೆಂದರೆ ಮೊಬೈಲೇ ದಾರಿ. ಸಾವಿರಾರು ಜನ ಒಂದೇ ಟವರ್‌ಗೆ ಜೋತುಬಿದ್ದಾಗ ದನಿ ತುಂಡುತುಂಡಾಗುತ್ತದೆ. ಇನ್ನೊಂದು ಕಂಪನಿಯ ಸಿಮ್ ಜೊತೆಗಿರಬೇಕು, ಸ್ಥಳದಲ್ಲೇ ರೆಕಾರ್ಡಿಂಗೂ ನಡೆಯುತ್ತಿರಬೇಕು. ಲೈನ್ ಕಡಿದರೂ ಕಾರ್ಯಕ್ರಮ ಉಳಿಯುತ್ತದೆ.

ಕೊನೆಯದು ಕರೆಂಟು. ಅದು ಒಂದು ಕ್ಷಣ ಕಣ್ಣುಮುಚ್ಚಿದರೂ ಕಂಪ್ಯೂಟರ್ ಮತ್ತೆ ಶುರುವಾಗಲು ನಿಮಿಷಗಳೇ ಬೇಕು. ಅಷ್ಟೂ ಹೊತ್ತು ಪ್ರಸಾರ ಖಾಲಿ. ಯುಪಿಎಸ್ ಇದ್ದರೆ ಸಾಲದು, ಅದರ ಬ್ಯಾಟರಿ ಕಾಲಕಾಲಕ್ಕೆ ಬದಲಾಗಬೇಕು. ಏಪ್ರಿಲ್–ಮೇ ಗುಡುಗು ಮಳೆಗೆ ಮೊದಲು ಆಂಟೆನಾದ ಅರ್ಥಿಂಗ್ ನೋಡಿಸಬೇಕು. ಹಿನ್ನೆಲೆಯಲ್ಲಿ ಸದಾ ಗುಂಯ್ ಎನ್ನುವ 50 ಹರ್ಟ್ಸ್ ಸದ್ದು ಎಷ್ಟೋ ಸಲ ಅರ್ಥಿಂಗ್ ದೋಷದ್ದೇ.

ಇವುಗಳಲ್ಲಿ ಹೆಚ್ಚಿನವಕ್ಕೆ ಹೊಸ ಯಂತ್ರ ಬೇಡ. ರಿಪೇರಿ ಬಲ್ಲ ಒಬ್ಬ ತಂತ್ರಜ್ಞ, ಅವರಿಗೆ ತಪ್ಪದ ಸಂಬಳ ಸಾಕು. ಸಣ್ಣ ನಿಲಯಗಳಲ್ಲಿ ಮೊದಲು ಕತ್ತರಿ ಬೀಳುವುದೇ ಆ ಸಂಬಳಕ್ಕೆ. ದೂರದ ಸಮಸ್ಯೆಗಾದರೋ ಪರಿಹಾರ ತುಮಕೂರಿನ ಆಂಟೆನಾ ಎತ್ತರಿಸುವುದರಲ್ಲಿಲ್ಲ. ಕನಿಷ್ಠ 3 ವರ್ಷ ಸೇವೆ ಸಲ್ಲಿಸಿದ ನೋಂದಾಯಿತ ಸಂಸ್ಥೆಗಳೂ ಸಮುದಾಯ ರೇಡಿಯೋಗೆ ಅರ್ಜಿ ಹಾಕಬಹುದೆಂದು 2006ರ ನೀತಿ ಬಾಗಿಲು ತೆರೆದಿದೆ. ಕುಣಿಗಲ್‌ನಂಥ ಊರಿನ ಸಂಘ-ಸಂಸ್ಥೆಗಳು ಆ ಬಾಗಿಲು ತಟ್ಟಲಿ.