ಅಪ್ಪನ ರುಜು

ಹೈಸ್ಕೂಲಿನಲ್ಲಿ ಮಕ್ಕಳು ಹೇಗೆ ಓದುತ್ತಿದ್ದಾರೆ, ಆಟಪಾಠಗಳಲ್ಲಿ ಎಲ್ಲಿದ್ದಾರೆ ಎಂಬುದನ್ನು ತಂದೆತಾಯಿಗಳಿಗೆ ಆಗಾಗ ತಿಳಿಸುತ್ತಿರಬೇಕು ಎಂಬ ಮಾತನ್ನು ಯಾರೂ ಅಲ್ಲಗಳೆಯಲಾರರು. ತಿಳಿಸುತ್ತಲೂ ಇದ್ದಾರೆ. ಪ್ರಗತಿಪತ್ರವಿದೆ, ಪೋಷಕರ ಸಭೆಯಿದೆ, ಈಗ ಕೈಕೈಯಲ್ಲಿ ಮೊಬೈಲೂ ಇದೆ. ಹೀಗಿರುವಾಗ ಈ ವಿಷಯವನ್ನು ಹಿಡಿದು ಕಾಲೇಜಿನ ಸಂಚಿಕೆಯಲ್ಲಿ ಬರೆಯಹೊರಟಿರುವುದೇಕೆ ಎಂದು ವಿದ್ಯಾರ್ಥಿಮಿತ್ರರು ಕೇಳಬಹುದು. ಶಾಲೆಯಿಂದ ಹೊರಟ ಸುದ್ದಿ ನಮ್ಮಂಥವರ ಮನೆಯನ್ನು ಎಷ್ಟೋ ಸಲ ತಲಪುವುದೇ ಇಲ್ಲವೆಂದು ನಾನು ಬಲ್ಲೆ. ಏಕೆಂದರೆ ದಾರಿಯಲ್ಲಿ ಅದನ್ನು ತಡೆದವನು ನಾನೇ.

ನಮ್ಮದು ತಿಪಟೂರು ಸೀಮೆಯ ಒಂದು ಹಳ್ಳಿ. ನಮ್ಮಪ್ಪನದು ಕಂಡವರ ತೋಟಗಳಲ್ಲಿ ಕಾಯಿ ಸುಲಿಯುವ ಕೆಲಸ. ಸಾವಿರ ಕಾಯಿಗೆ ಇಷ್ಟೆಂದು ಕೂಲಿ. ಅವನಿಗೆ ತನ್ನ ಹೆಸರನ್ನು ಬರೆಯಲು ಬರುತ್ತದೆ, ಬೇರೆ ಏನನ್ನೂ ಓದಲು ಬರುವುದಿಲ್ಲ. ಹೆಸರನ್ನಾದರೂ ಅವನು ಚಿತ್ರ ಬರೆದ ಹಾಗೆ, ಒಂದೊಂದೇ ಅಕ್ಷರವನ್ನು ನಿಧಾನವಾಗಿ ಎಳೆದು ಬರೆಯುತ್ತಾನೆ. ಅವ್ವನಿಗೆ ಅದೂ ಬಾರದು.

2022ರಲ್ಲಿ ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ಅರ್ಧವಾರ್ಷಿಕ ಪರೀಕ್ಷೆಯಾದ ಮೇಲೆ ಪ್ರಗತಿಪತ್ರ ಕೈಗೆ ಬಂತು. ಗಣಿತದ ಅಂಕಿಯ ಕೆಳಗೆ ಕೆಂಪು ಗೆರೆ; ಅದರ ಕೆಳಗೆ ಮೇಷ್ಟರ ಕೈಬರಹದಲ್ಲಿ, ತುಂಬ ಹಿಂದಿದ್ದಾನೆ, ಪೋಷಕರು ಬಂದು ಕಾಣುವುದು, ಎಂದಿತ್ತು. ರಾತ್ರಿ ಊಟವಾದ ಮೇಲೆ ಅಪ್ಪನ ಮುಂದೆ ಹಿಡಿದೆ. "ಏನ್ ಬರ್ದವ್ರೆ ಮೇಷ್ಟ್ರು?" ಎಂದು ಕೇಳಿದ. "ಚೆನ್ನಾಗಿ ಓದ್ತಾನೆ ಅಂತ ಬರ್ದವ್ರೆ" ಎಂದೆ. ಅಪ್ಪ ಕೈ ತೊಳೆದುಕೊಂಡು ಬಂದು, ದೀಪದ ಕೆಳಗೆ ಕುಳಿತು, ಕೆಂಪು ಗೆರೆಯ ಪಕ್ಕದಲ್ಲಿಯೇ ತನ್ನ ಹೆಸರಿನ ಚಿತ್ರ ಬರೆದ. ಮರುದಿನ ಹತ್ತು ರೂಪಾಯಿ ಕೊಟ್ಟ. ಆ ಹತ್ತು ರೂಪಾಯಿಯನ್ನು ನಾನು ಖರ್ಚು ಮಾಡಿದೆನೆಂಬುದನ್ನೂ ಒಪ್ಪಿಕೊಳ್ಳಬೇಕು.

ಒಮ್ಮೆ ಸುಳ್ಳಿನ ರುಚಿ ಹತ್ತಿದ ಮೇಲೆ ಕೇಳಬೇಕೆ? ಅಂಥ ಬರಹ ಇನ್ನೆರಡು ಸಲ ಬಂತು. ಎರಡು ಸಲವೂ ನಾನು ಚೆನ್ನಾಗಿಯೇ ಓದುತ್ತಿದ್ದೆ.

ಮೊಬೈಲಿನ ಕಥೆ ಇದಕ್ಕಿಂತ ಸೊಗಸು. ಕೊರೋನಾದಿಂದ 2020ರಲ್ಲಿ ಶಾಲೆಗಳು ಮುಚ್ಚಿದಾಗ, ನನ್ನ ಪಾಠಕ್ಕೆಂದು ಅಪ್ಪ ಎರಡು ಮೇಕೆ ಮಾರಿ ಒಂದು ಫೋನು ತಂದಿದ್ದ. ಹೈಸ್ಕೂಲಿಗೆ ಸೇರಿದಾಗ ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಕೊಟ್ಟದ್ದು ಆ ಫೋನಿನ ಸಂಖ್ಯೆಯನ್ನೇ. ಫೋನು ಇದ್ದದ್ದು ನನ್ನ ಜೇಬಿನಲ್ಲಿ. ನನ್ನ ಗೆಳೆಯರ ಮನೆಗಳಲ್ಲಿಯೂ ಹಾಗೆಯೇ. ಆ ಗುಂಪಿನಲ್ಲಿದ್ದ ಪೋಷಕರ ಪೈಕಿ ಬಹುಮಂದಿಗೆ ಆಗ ಹದಿನಾಲ್ಕು ವರ್ಷ ವಯಸ್ಸು! ಶನಿವಾರ ಸಭೆಯಿದೆ, ತಪ್ಪದೆ ಹಾಜರಾಗುವುದು, ಎಂದು ಮೇಷ್ಟರು ಬರೆದರೆ, ಸರಿ ಸಾರ್ ಎಂದು ಅಪ್ಪನ ಹೆಸರಿನಲ್ಲಿ ನಾನು ಉತ್ತರ ಬರೆದು, ಕೈಮುಗಿದಿರುವ ಚಿತ್ರವನ್ನೂ ಜೊತೆಗೆ ಕಳಿಸುತ್ತಿದ್ದೆ. ಶಾಲೆಯ ದೃಷ್ಟಿಯಲ್ಲಿ ನಮ್ಮಪ್ಪ ಬಹಳ ವಿನಯವಂತನಾದ, ಆದರೆ ಸಭೆಗೆ ಮಾತ್ರ ಬಾರದ ಮನುಷ್ಯ.

2024ರ ಮೇ ತಿಂಗಳಲ್ಲಿ ಎಸ್.ಎಸ್.ಎಲ್.ಸಿ. ಫಲಿತಾಂಶ ಬಂತು. ಗಣಿತದಲ್ಲಿ ನಾನು ನಪಾಸು. ಅಪ್ಪ ಅಂದು ಮೊದಲ ಬಾರಿಗೆ ಹೈಸ್ಕೂಲಿನ ಮೆಟ್ಟಿಲು ಹತ್ತಿದ. ಮೇಷ್ಟರು ಬೇಸರದಿಂದಲೇ, "ಮೂರು ಸಲ ಬರೆದು ಕಳಿಸಿದ್ದೆನಲ್ಲಪ್ಪ, ರುಜು ಹಾಕಿದ್ದೀಯಲ್ಲ" ಎಂದರು. ಅಪ್ಪ ನನ್ನ ಕಡೆಗೆ ತಿರುಗಿ ನೋಡಿದ. ಹೊಡೆಯಲಿಲ್ಲ, ಬೈಯಲಿಲ್ಲ. ಊರಿನ ದಾರಿಯಲ್ಲಿ ಅರ್ಧ ನಡೆದ ಮೇಲೆ, "ಬಾಯಲ್ಲಿ ಒಂದ್ ಮಾತು ಹೇಳಿ ಕಳಿಸಿದ್ರೆ ಒಂದಿನದ ಕೂಲಿ ಬಿಟ್ಟು ಬತ್ತಿದ್ದೆ ಕಣಪ್ಪ" ಎಂದ. ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳಿಗೆ ಅವಕಾಶ ಕೊಡುವ ಪದ್ಧತಿ ಆ ವರ್ಷವೇ ಜಾರಿಗೆ ಬಂದದ್ದು ನನ್ನ ಪುಣ್ಯ. ಜೂನ್ ತಿಂಗಳಲ್ಲಿ ಎರಡನೆಯ ಪರೀಕ್ಷೆ ಬರೆದು ದಾಟಿಕೊಂಡೆ.

ತಪ್ಪು ನನ್ನದು, ಅದನ್ನು ಬೇರೆಯವರ ತಲೆಗೆ ಕಟ್ಟುವ ಉದ್ದೇಶ ನನಗಿಲ್ಲ. ಆದರೂ ಒಂದು ಮಾತು ಕೇಳುತ್ತೇನೆ. ತಿಳಿಸಿದ್ದೇವೆ ಎಂಬುದಕ್ಕೆ ಶಾಲೆಯ ಬಳಿ ರುಜು ಇದೆ. ಅಪ್ಪನಿಗೆ ತಿಳಿದಿದೆ ಎಂಬುದಕ್ಕೆ ಏನಿದೆ? ಓದಲು ಬಾರದ ತಂದೆಗೆ, ಮಗನ ಮೇಲಿನ ದೂರನ್ನು ಆ ಮಗನ ಕೈಯಲ್ಲಿಯೇ ಬರೆದು ಕಳಿಸುವುದೆಂದರೆ ಕಳ್ಳನ ಕೈಗೇ ಬೀಗದ ಕೈ ಕೊಟ್ಟಂತಲ್ಲವೆ?

ಕಾನೂನು ಈ ವಿಷಯದಲ್ಲಿ ನಮಗಿಂತ ಜಾಣತನದಿಂದ ಮಾತನಾಡುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 24ನೆಯ ಪ್ರಕರಣದಲ್ಲಿ ಉಪಾಧ್ಯಾಯರ ಕರ್ತವ್ಯಗಳನ್ನು ಹೇಳಿದೆ. ಪೋಷಕರೊಡನೆ ಕ್ರಮವಾಗಿ ಸಭೆ ಸೇರಿ ಮಗುವಿನ ಹಾಜರಿ, ಕಲಿಯುವ ಶಕ್ತಿ, ಕಲಿಕೆಯ ಪ್ರಗತಿ ಇವನ್ನು ಅವರಿಗೆ ತಿಳಿಸಬೇಕೆಂಬುದು ಅವುಗಳಲ್ಲೊಂದು. ಚೀಟಿ ಕಳಿಸಿ ಎನ್ನಲಿಲ್ಲ, ಸಭೆ ಸೇರಿ ಎಂದಿತು. ಆದರೆ ಈ ಕಾಯಿದೆ 6ರಿಂದ 14 ವರ್ಷದ ಮಕ್ಕಳಿಗೆ ಮಾತ್ರ. ಹುಡುಗನಿಗೆ ಮೀಸೆ ಚಿಗುರಿ, ಸುಳ್ಳು ಹೇಳುವ ಜಾಣ್ಮೆ ಬರುವ ಹೊತ್ತಿಗೆ ಸರಿಯಾಗಿ ಅದರ ಕೈ ಮುಗಿಯುತ್ತದೆ. ಇನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು 2001ರಿಂದ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿವೆ. ಸಮಿತಿಯಲ್ಲಿ ಕುಳಿತ ನಾಲ್ಕು ಜನ ಪೋಷಕರಿಗೆ ಶಾಲೆಯ ಸಮಾಚಾರ ಗೊತ್ತಿದ್ದರೆ ನಮ್ಮಪ್ಪನಿಗೆ ಗೊತ್ತಿದ್ದಂತಾಗಲಿಲ್ಲ.

ಅಂಕಗಳ ವಿಷಯ ಹೀಗಾದರೆ ಆಟಗಳ ವಿಷಯ ಕೇಳುವುದೇ ಬೇಡ. ನಮ್ಮ ತರಗತಿಯ ಒಬ್ಬಳು ಹುಡುಗಿ ಖೋ-ಖೋ ಆಟದಲ್ಲಿ ಬಲು ಚುರುಕು. ತಾಲ್ಲೂಕು ಮಟ್ಟದಲ್ಲಿ ತಂಡ ಗೆದ್ದು ತುಮಕೂರಿಗೆ ಹೋಗಬೇಕಾಯಿತು. ಒಪ್ಪಿಗೆಯ ಚೀಟಿ ಅವಳ ಮನೆ ಸೇರಿದ್ದು ಹಿಂದಿನ ದಿನ ಸಂಜೆ. ಅವಳ ತಂದೆಗೆ ಮಗಳು ಆಡುತ್ತಾಳೆಂಬುದೇ ಆಗ ತಿಳಿದದ್ದು. ಜೊತೆಯಲ್ಲಿ ಯಾರು ಹೋಗುತ್ತಾರೆ, ರಾತ್ರಿ ಎಲ್ಲಿ ಉಳಿಯುತ್ತಾರೆ ಎಂದು ಅವನು ಕೇಳಿದ. ಚೀಟಿಯಲ್ಲಿ ಉತ್ತರವಿರಲಿಲ್ಲ. ಮೇಡಂ ಒಬ್ಬರು ಜೊತೆಗೆ ಹೊರಟಿದ್ದರು. ಅದನ್ನು ಬರೆಯಲು ಯಾರಿಗೂ ತೋಚಿರಲಿಲ್ಲ. ತಂಡ ತುಮಕೂರಿಗೆ ಹೋದ ದಿನ ಅವಳು ತರಗತಿಯಲ್ಲಿ ನಮ್ಮೊಡನೆ ಕುಳಿತು ಪಾಠ ಬರೆದುಕೊಳ್ಳುತ್ತಿದ್ದಳು.

ಉಪಾಧ್ಯಾಯರ ಕಷ್ಟ ನನಗೆ ತಿಳಿಯದೆ ಇಲ್ಲ. ಪಾಠದ ಜೊತೆಗೆ ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಕಂಪ್ಯೂಟರಿಗೆ ತುಂಬಬೇಕಾದ ಲೆಕ್ಕ. ಇವುಗಳ ನಡುವೆ ಮನೆಮನೆಗೆ ತಿರುಗಿ ಎಂದರೆ ಯಾರಾದರೂ ಕೋಪಿಸಿಕೊಳ್ಳುತ್ತಾರೆ. ಆದರೆ ನಮ್ಮೂರಿನಲ್ಲಿಯೇ ಬಾಡಿಗೆಗಿದ್ದ ಕನ್ನಡ ಮೇಷ್ಟರೊಬ್ಬರು ಒಂದು ಉಪಾಯ ಕಂಡುಕೊಂಡಿದ್ದರು. ಬೆಳಗ್ಗೆ ಅರ್ಧ ಲೀಟರು ಹಾಲಿಗೆಂದು ಡೈರಿಗೆ ಬರುವರು. ಹಾಲು ಹಾಕಲು ಕ್ಯಾನು ಹಿಡಿದು ನಿಂತವರೆಲ್ಲ ಒಬ್ಬರಲ್ಲ ಒಬ್ಬ ವಿದ್ಯಾರ್ಥಿಯ ಅವ್ವನೋ ಅಪ್ಪನೋ ಆಗಿರುತ್ತಿದ್ದರು. ಅಲ್ಲಿ, ಎಲ್ಲರೆದುರು, ಅವರು ಒಳ್ಳೆಯ ಸುದ್ದಿಯನ್ನು ಮಾತ್ರ ಹೇಳುತ್ತಿದ್ದರು. ಕೆಟ್ಟ ಸುದ್ದಿಯಿದ್ದರೆ ಪಕ್ಕಕ್ಕೆ ಕರೆದು, ಸಂಜೆ ಮನೆ ಕಡೆ ಬರ್ತೀನಮ್ಮ ಎನ್ನುವರು. ನನ್ನ ಪ್ರಬಂಧವೊಂದನ್ನು ಪ್ರಾರ್ಥನೆಯ ವೇಳೆ ಓದಿಸಿದ ಸಂಗತಿ ಅವ್ವನಿಗೆ ಗೊತ್ತಾದದ್ದು ಆ ಸಾಲಿನಲ್ಲಿ. ಒಂದು ವಾರ ಬೀದಿಯಲ್ಲಿ ಅದೇ ಮಾತು. ಗಣಿತ ಅವರ ವಿಷಯವಲ್ಲವಾಗಿ ನಾನು ಬಚಾವಾದೆ, ಅಥವಾ ಕೆಟ್ಟೆ.

ಒಳ್ಳೆಯದು ಕೆಟ್ಟದ್ದು ಎಂಬ ಈ ವಿವೇಚನೆ ಸಣ್ಣದಲ್ಲ. ಹೆಣ್ಣುಮಗಳು ನಪಾಸಾದಳೆಂಬ ಸುದ್ದಿ ಕೆಲವು ಮನೆಗಳಲ್ಲಿ ಶಾಲೆ ಬಿಡಿಸಿ ಗಂಡು ಹುಡುಕಲು ನೆಪವಾಗುತ್ತದೆ. ಅಂಥ ಕಡೆ ಅಂಕಿಯನ್ನು ಮಾತ್ರ ಹೇಳಿ ಕೈ ತೊಳೆದುಕೊಳ್ಳುವುದಕ್ಕಿಂತ ಸುಮ್ಮನಿರುವುದೇ ಮೇಲು. ಇದನ್ನು ಹೀಗೆ ಸರಿಪಡಿಸೋಣ, ಸಂಜೆ ಒಂದು ಗಂಟೆ ಉಳಿಸಿಕೊಳ್ಳುತ್ತೇವೆ ಎಂಬ ಮಾತನ್ನೂ ಜೊತೆಗೆ ಒಯ್ಯಬೇಕು.

ಫೋನನ್ನೂ ನಾನು ಹಳಿಯುವುದಿಲ್ಲ. ಸುತ್ತೋಲೆಯ ಕನ್ನಡವನ್ನು ಅದಕ್ಕೆ ತುಂಬುವ ಬದಲು, ರಾತ್ರಿ ಏಳರ ಮೇಲೆ ಕರೆ ಮಾಡಿ, ಅಪ್ಪನಿಗೆ ಕೊಡೋ ಎಂದು ಎರಡು ನಿಮಿಷ ಮಾತನಾಡಿದರೆ ನನ್ನಂಥವನ ಆಟ ಅಲ್ಲಿಗೆ ಮುಗಿಯುತ್ತದೆ. ತಿಂಗಳಿಗೆ ಹತ್ತು ಮನೆಯಾದರೂ ಸಾಕು. ನಮ್ಮ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಬಿ.ಇಡಿ.ಗೆ ಹೋಗಬೇಕೆಂದಿರುವವರು ಎಷ್ಟೋ ಮಂದಿ ಇದ್ದಾರೆ. ನಾಳೆ ಕೆಂಪು ಶಾಯಿಯ ಪೆನ್ನು ಹಿಡಿಯುವವರು ಅವರೇ ಆದ್ದರಿಂದ ಇಷ್ಟನ್ನು ಇಲ್ಲಿ ಬರೆದೆ.

ನನ್ನ ತಂಗಿ ಈಗ ಅದೇ ಶಾಲೆಯಲ್ಲಿ ಒಂಬತ್ತನೆಯ ತರಗತಿ. ಕಳೆದ ಸಲ ಅವಳ ಪ್ರಗತಿಪತ್ರ ಬಂದಾಗ ಅಪ್ಪ ಅದನ್ನು ಅವಳ ಕೈಯಿಂದ ತೆಗೆದು ನನ್ನ ಕೈಗೆ ಕೊಟ್ಟ. ವಿಜ್ಞಾನದಲ್ಲಿ ಚೆನ್ನಾಗಿದ್ದಾಳೆ, ಇಂಗ್ಲಿಷಿನಲ್ಲಿ ಸಾಲದು, ತರಗತಿಯಲ್ಲಿ ಮಾತು ಹೆಚ್ಚು ಎಂದಿದ್ದುದನ್ನು ಇದ್ದಂತೆಯೇ ಓದಿದೆ. ತಂಗಿ ನನ್ನನ್ನು ತಿನ್ನುವಂತೆ ನೋಡಿದಳು. ಅಪ್ಪ ಪೆನ್ನು ಹಿಡಿದವನು ರುಜು ಹಾಕದೆ, "ಇನ್ನೊಂದ್ಸಲ ಓದು" ಎಂದ.