ಅರ್ಧ ಹೊಂದುವ ದಾನಿ ಮತ್ತು ಮನೆಯ ಹಿಂಜರಿಕೆ

ಕಳೆದ ತಿಂಗಳು ಶ್ರೀಮಠದ ಕಾರ್ಯಾಲಯಕ್ಕೆ ಭಕ್ತ ಕುಟುಂಬವೊಂದು ಧನಸಹಾಯ ಕೋರಿ ಬಂದಿತ್ತು. ಮನೆಯ ಯಜಮಾನರಿಗೆ ರಕ್ತದ ಕ್ಯಾನ್ಸರ್. ಕಾಂಡಕೋಶಗಳ ಕಸಿಯಾಗಬೇಕೆಂದು ವೈದ್ಯರು ತಿಳಿಸಿದ್ದರು. ಅಣ್ಣತಮ್ಮಂದಿರಲ್ಲಿ ಯಾರೂ ಪೂರ್ಣವಾಗಿ ಹೊಂದಲಿಲ್ಲ. 22 ವರ್ಷದ ಮಗಳು ಅರ್ಧ ಹೊಂದುತ್ತಾಳೆ, ಕೊಡಲು ಸಿದ್ಧಳೂ ಇದ್ದಾಳೆ. ಆದರೆ ಹಿರಿಯರ ಆಕ್ಷೇಪ ಎರಡು: ಅರ್ಧ ಹೊಂದಿಕೆಯಿಂದ ಏನು ಫಲ? ಮದುವೆಯಾಗಬೇಕಾದ ಹೆಣ್ಣುಮಗಳ ಮಜ್ಜೆ ತೆಗೆದರೆ ಮುಂದೆ ಅವಳ ಗತಿಯೇನು? ಹಣದ ಮಾತಿಗಿಂತ ಈ ಮಾತೇ ಹೆಚ್ಚು ಹೊತ್ತು ನಡೆಯಿತು. ಇಂಥ ಸಂದೇಹ ಇನ್ನೂ ಹಲವು ಮನೆಗಳಲ್ಲಿ ಇರಬಹುದೆಂದು ಭಾವಿಸಿ ಈ ವಿಚಾರವನ್ನು ಭಕ್ತಾದಿಗಳ ಮುಂದಿಡುತ್ತಿದ್ದೇವೆ.

ತನ್ನದಾವುದು, ಪರರದಾವುದು ಎಂಬುದನ್ನು ದೇಹವು ಎಚ್‌ಎಲ್‌ಎ ಎಂಬ ಗುರುತುಗಳಿಂದ ಅರಿಯುತ್ತದೆ. ಇವುಗಳಲ್ಲಿ ಅರ್ಧ ತಂದೆಯಿಂದ, ಅರ್ಧ ತಾಯಿಯಿಂದ ಬಂದವು. ಆದ್ದರಿಂದ ಒಡಹುಟ್ಟಿದವರಲ್ಲಿ ಒಬ್ಬೊಬ್ಬರೂ ಪೂರ್ಣ ಹೊಂದುವ ಸಾಧ್ಯತೆ ಶೇ. 25 ಮಾತ್ರ, ಹೆತ್ತವರು ಮತ್ತು ಮಕ್ಕಳಾದರೋ ಅರ್ಧವಂತೂ ಹೊಂದಿಯೇ ಹೊಂದುತ್ತಾರೆ. ಮನೆತುಂಬ ಮಕ್ಕಳಿದ್ದ ಕಾಲ ಹೋಯಿತು. ಹೊರಗಿನ ದಾನಿಯನ್ನು ಹುಡುಕೋಣವೆಂದರೆ, ನಮ್ಮ ದೇಶದಲ್ಲಿ ಹೆಸರು ನೋಂದಾಯಿಸಿದವರು ಜನಸಂಖ್ಯೆಗೆ ಹೋಲಿಸಿದರೆ ತೀರ ಅಲ್ಪ.

ಹಿರಿಯರ ಮೊದಲ ಅಂಜಿಕೆ ಒಂದು ಕಾಲಕ್ಕೆ ನಿಜವೇ ಆಗಿತ್ತು. ದಾನಿಯ ಟಿ ಕೋಶಗಳು ರೋಗಿಯ ಚರ್ಮ, ಕರುಳು, ಯಕೃತ್ತುಗಳ ಮೇಲೆ ಎರಗುತ್ತಿದ್ದವು. ಇಟಲಿಯ ಪೆರೂಜಿಯಾದ ವೈದ್ಯರು 1990ರ ದಶಕದಲ್ಲಿ ಆ ಕೋಶಗಳನ್ನೇ ಸೋಸಿ ತೆಗೆದರು. ಎರಗುವಿಕೆ ತಗ್ಗಿತು, ಸೋಂಕು ಹೆಚ್ಚಿತು. ಬಳಿಕ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವೈದ್ಯರು ಬೇರೊಂದು ಹಾದಿ ಹಿಡಿದರು. ಸೈಕ್ಲೋಫಾಸ್ಫಮೈಡ್ ಎಂಬ ಹಳೆಯ, ದುಬಾರಿಯಲ್ಲದ ಔಷಧವನ್ನು ಕಸಿಯಾದ 3 ಮತ್ತು 4ನೆಯ ದಿನ ಕೊಡುವುದು ಅವರ ಕ್ರಮ. ಆ ವೇಳೆಗೆ ಕೆರಳಿ ವೃದ್ಧಿಯಾಗುತ್ತಿರುವ ಟಿ ಕೋಶಗಳು ಅದಕ್ಕೆ ಬಲಿಯಾಗುತ್ತವೆ. ಕಾಂಡಕೋಶಗಳು ತಮ್ಮಲ್ಲಿರುವ ಕಿಣ್ವದ ಬಲದಿಂದ ಉಳಿದುಕೊಳ್ಳುತ್ತವೆ. ಇಂದು ವಯಸ್ಕರ ಲ್ಯುಕೇಮಿಯಾದಲ್ಲಿಯೂ ಇದು ರೂಢಿಯಲ್ಲಿರುವ ಚಿಕಿತ್ಸೆ. ಪೂರ್ಣ ಹೊಂದುವ ಒಡಹುಟ್ಟಿದವರು ದೊರೆತರೆ ಸಾಮಾನ್ಯವಾಗಿ ಅವರೇ ಮೊದಲ ಆಯ್ಕೆ. ಅಪಾಯವೇ ಇಲ್ಲವೆಂದು ನಾವು ಹೇಳಲಾರೆವು. ಸೋಂಕು ತಗಲಬಹುದು, ರೋಗ ಮರುಕಳಿಸಲೂಬಹುದು.

ಇನ್ನು ಮಗಳ ಮಾತು. ನಾಲ್ಕೈದು ದಿನ ಚುಚ್ಚುಮದ್ದು, ಅನಂತರ ಕೆಲವು ಗಂಟೆಗಳ ಕಾಲ ಒಂದು ತೋಳಿನಿಂದ ರಕ್ತವನ್ನು ಯಂತ್ರಕ್ಕೆ ಹಾಯಿಸಿ, ಕಾಂಡಕೋಶಗಳನ್ನು ಬೇರ್ಪಡಿಸಿ ಉಳಿದದ್ದನ್ನು ಮರಳಿಸುವುದು: ಹೆಚ್ಚಾಗಿ ದಾನವೆಂದರೆ ಇಷ್ಟೇ. ಮೈಕೈ ನೋವು, ತಲೆನೋವು ಬರಬಹುದು. ಗಂಭೀರ ತೊಂದರೆ ವಿರಳ. ಕೊಟ್ಟ ಕೋಶಗಳನ್ನು ದೇಹ ಮತ್ತೆ ತುಂಬಿಕೊಳ್ಳುತ್ತದೆ. ಮದುವೆಗಾಗಲಿ ಮಕ್ಕಳಾಗುವುದಕ್ಕಾಗಲಿ ಇದರಿಂದ ಅಡ್ಡಿಯಿಲ್ಲ. ದಾನಿಗಳಲ್ಲಿ ಎಳೆಯ ವಯಸ್ಸಿನವರಿಗೇ ವೈದ್ಯರು ಆದ್ಯತೆ ಕೊಡುತ್ತಾರೆ. ಮಗನಾಗಿದ್ದರೆ ಈ ಪ್ರಶ್ನೆ ಏಳುತ್ತಿತ್ತೇ ಎಂದು ನಾವು ಕೇಳಿದೆವು. ಯಾರೂ ಉತ್ತರಿಸಲಿಲ್ಲ.

ಬಲವಂತವೂ ಸಲ್ಲದು. ದಾನಿಯ ಒಪ್ಪಿಗೆಯನ್ನು ಬಂಧುಗಳಿಲ್ಲದಾಗ ಪ್ರತ್ಯೇಕವಾಗಿ ಕೇಳಬೇಕು. ರೋಗಿ ತಾಯಿಯಾಗಿದ್ದರೆ ಇನ್ನೊಂದು ಎಚ್ಚರವೂ ಬೇಕು: ಹಿಂದಿನ ಬಸಿರುಗಳಿಂದ ಮಕ್ಕಳ ಗುರುತುಗಳ ವಿರುದ್ಧ ಪ್ರತಿಕಾಯಗಳು ಆಕೆಯ ರಕ್ತದಲ್ಲಿ ಇದ್ದಿರಬಹುದು, ಅದನ್ನು ಮೊದಲೇ ಪರೀಕ್ಷಿಸಬೇಕು.

ಕಸಿಯಾದ ಬಳಿಕ ಸುಮಾರು ನೂರು ದಿನ ಆಸ್ಪತ್ರೆಯ ಸಮೀಪದಲ್ಲೇ ಇರಬೇಕಾಗುತ್ತದೆ. ಬಾಡಿಗೆ, ಊಟ, ಓಡಾಟದ ಈ ವೆಚ್ಚವನ್ನು ಧನಸಹಾಯದ ಅರ್ಜಿಗಳಲ್ಲಿ ಯಾರೂ ಬರೆಯುವುದಿಲ್ಲ. ಆ ಕುಟುಂಬದ ಅರ್ಜಿಗೆ ಅದನ್ನೂ ಸೇರಿಸಿ ಸಮಿತಿಯ ಮುಂದಿಟ್ಟಿದ್ದೇವೆ. ಮಗಳ ಪರೀಕ್ಷೆಗಳು ಮುಗಿದಿವೆ. ಜೊತೆಗೆ ಹೋಗಿದ್ದವರು ಮೊದಲು ಬೇಡವೆಂದಿದ್ದ ಅಜ್ಜಿಯೇ.