ನ್ಯಾನೋ ಪುಡಿಯ ಸುರಕ್ಷತೆ: ಸತ್ತ ಜೀವಕೋಶಗಳ ಲೆಕ್ಕವಷ್ಟೇ ಸಾಲದು

ದುರ್ವಾಸನೆ ತಡೆಯುವ ಕಾಲುಚೀಲ, ಗೀರು ಬೀಳದ ಬಣ್ಣ, ಬಿಸಿಲಿನಿಂದ ಚರ್ಮ ಕಾಯುವ ಲೇಪ ಮುಂತಾದ ಸರಕುಗಳಲ್ಲಿ ಇಂದು ಬೆಳ್ಳಿ, ಸಿಲಿಕಾ, ಟೈಟಾನಿಯಂ ಡೈಆಕ್ಸೈಡ್‌ಗಳ ನ್ಯಾನೋ ಕಣಗಳು ಬಳಕೆಯಾಗುತ್ತಿವೆ. ಇವುಗಳ ಗಾತ್ರ 1ರಿಂದ 100 ನ್ಯಾನೋಮೀಟರ್. ಆದರೆ ಪುಡಿಯನ್ನು ಕೊಂಡು ಬೆರೆಸುವ ಸಣ್ಣ ಉದ್ಯಮಿಗೆ ದೊರೆಯುವ ಸುರಕ್ಷತಾ ಪತ್ರದಲ್ಲಿ ಎಷ್ಟೋ ಸಲ ಆ ಪದಾರ್ಥದ ದಪ್ಪ ಪುಡಿಯ ಗುಣಗಳನ್ನೇ ನಮೂದಿಸಿರುತ್ತಾರೆ. ಕಣ ಕಿರಿದಾದಂತೆ ಅದೇ ತೂಕದ ಪುಡಿಯ ಮೇಲ್ಮೈ ಹೆಚ್ಚುತ್ತದೆ, ವರ್ತನೆಯೂ ಬದಲಾಗುತ್ತದೆ.

ರೂಢಿಯಲ್ಲಿರುವ ಪ್ರಯೋಗಾಲಯ ಪರೀಕ್ಷೆಯು ಕಣಗಳ ಸಂಪರ್ಕದಿಂದ ಎಷ್ಟು ಜೀವಕೋಶಗಳು ಸತ್ತವು ಎಂದು ಎಣಿಸುತ್ತದೆ. ಬದುಕುಳಿದವು ಆರೋಗ್ಯವಾಗಿವೆಯೇ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ. ಇಂಗಾಲದ ನ್ಯಾನೋ ಕೊಳವೆಗಳಂತಹ ವಸ್ತುಗಳು ಪರೀಕ್ಷೆಯ ಬಣ್ಣಕ್ಕೇ ಅಂಟಿಕೊಂಡು ಫಲಿತಾಂಶವನ್ನು ತಪ್ಪಿಸುವುದೂ ಉಂಟು.

ಮೆಟಬೊಲೋಮಿಕ್ಸ್ ಎಂಬ ವಿಧಾನವು ಜೀವಕೋಶ, ರಕ್ತ ಅಥವಾ ಮೂತ್ರದಲ್ಲಿರುವ ಅಮೈನೋ ಆಮ್ಲ, ಕೊಬ್ಬು, ಸಕ್ಕರೆ ಮೊದಲಾದ ನೂರಾರು ಸಣ್ಣ ಅಣುಗಳನ್ನು ಮಾಸ್ ಸ್ಪೆಕ್ಟ್ರೋಮೀಟರ್ ಅಥವಾ ಎನ್‌ಎಂಆರ್ ಉಪಕರಣದಿಂದ ಒಟ್ಟಿಗೆ ಅಳೆಯುತ್ತದೆ. ವ್ಯಾಪಾರಿಯ ಭಾಷೆಯಲ್ಲಿ ಹೇಳುವುದಾದರೆ, ಅಂಗಡಿ ಮುಚ್ಚುವವರೆಗೂ ಕಾಯದೆ ದಿನವಹಿ ಲೆಕ್ಕ ನೋಡಿದಂತೆ. ಉದಾಹರಣೆಗೆ, ಗ್ಲುಟಾಥಯೋನ್ ಪ್ರಮಾಣ ಕುಸಿದರೆ ಜೀವಕೋಶವು ಆಕ್ಸಿಡೀಕರಣದ ಒತ್ತಡದಲ್ಲಿದೆ ಎಂಬ ಸುಳಿವು ಅದು ಸಾಯುವ ಮೊದಲೇ ದೊರೆಯುತ್ತದೆ. ಆದರೆ ಪ್ರತಿ ಏರುಪೇರೂ ವಿಷದ ಗುರುತಲ್ಲ. ಜೀವಕೋಶ ಹೊಂದಿಕೊಂಡು ಚೇತರಿಸಿಕೊಳ್ಳಲೂಬಹುದು. ಈ ವ್ಯತ್ಯಾಸವನ್ನು ಬಿಡಿಸಿ ಹೇಳದ ವರದಿಗೆ ಹಣ ತೆರುವುದು ವ್ಯರ್ಥ.

ಯುರೋಪಿಯನ್ ಒಕ್ಕೂಟವು 2020ರ ಜನವರಿ 1ರಿಂದ ರೀಚ್ ಕಾಯಿದೆಯಡಿ ನ್ಯಾನೋ ರೂಪಗಳಿಗೆ ಪ್ರತ್ಯೇಕ ಮಾಹಿತಿಯನ್ನು ಕಡ್ಡಾಯಗೊಳಿಸಿತು. 2022ರಲ್ಲಿ ಆಹಾರಕ್ಕೆ ಟೈಟಾನಿಯಂ ಡೈಆಕ್ಸೈಡ್ ಬೆರೆಸುವುದನ್ನು ನಿಷೇಧಿಸಿತು. ಡಿಎನ್‌ಎಗೆ ಹಾನಿಯಾಗುವ ಸಂಭವವನ್ನು ತಳ್ಳಿಹಾಕಲಾಗದು ಎಂಬುದೇ ಕಾರಣ; ಹಾನಿ ಸಾಬೀತಾಗುವವರೆಗೂ ಅದು ಕಾಯಲಿಲ್ಲ. ರೀಚ್ ಮೆಟಬೊಲೋಮಿಕ್ಸ್ ಪರೀಕ್ಷೆಯನ್ನು ಕಡ್ಡಾಯಗೊಳಿಸಿಲ್ಲವಾದರೂ, ಇಂತಹ ಮಾಹಿತಿಯನ್ನು ವರದಿ ಮಾಡುವ ಚೌಕಟ್ಟನ್ನು ಒಇಸಿಡಿ 2023ರಲ್ಲಿ ಪ್ರಕಟಿಸಿದೆ. ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ಸ್ಪಷ್ಟ.

ಲಕ್ಷಾಂತರ ರೂಪಾಯಿ ಸುರಿದು ಪ್ರತಿಯೊಬ್ಬ ಸಣ್ಣ ಉತ್ಪಾದಕನೂ ಇಂತಹ ಪರೀಕ್ಷೆ ಮಾಡಿಸಬೇಕೆಂಬುದು ನ್ಯಾಯವಲ್ಲ, ಸಾಧ್ಯವೂ ಅಲ್ಲ. ಒಂದೇ ಬಗೆಯ ಪುಡಿ ಬಳಸುವ ಘಟಕಗಳು ಸಂಘದ ಮೂಲಕ ಒಗ್ಗೂಡಿ, ಸರ್ಕಾರಿ ಪ್ರಯೋಗಾಲಯಗಳಲ್ಲಿ ರಿಯಾಯಿತಿ ದರದ ಸಾಮೂಹಿಕ ಪರೀಕ್ಷೆಗೆ ಒತ್ತಾಯಿಸುವುದು ಲೇಸು. ಆದರೆ ಕಣದ ಗಾತ್ರ ಅಥವಾ ಲೇಪನ ಬೇರೆಯಾದರೆ ಒಬ್ಬರ ವರದಿ ಇನ್ನೊಬ್ಬರಿಗೆ ಒದಗದು. ಆದುದರಿಂದ ಮುಂದಿನ ಖರೀದಿ ಆದೇಶದಲ್ಲಿಯೇ ಗಾತ್ರ, ಆಕಾರ, ಲೇಪನಗಳ ವಿವರವನ್ನು ಲಿಖಿತವಾಗಿ ಕೇಳತಕ್ಕದ್ದು. ಅದಕ್ಕೆ ಯಾವ ಪ್ರಯೋಗಾಲಯವೂ ಬೇಕಿಲ್ಲ.